ಕಮಲತ್ತೆಯ ಗುನುಗು

ನಮ್ಮ ಕೊಲಿಂಡೇಲ್ ಕಟ್ಟಡದ ಲಿಫ್ಟಿನಲ್ಲಿ ನಿನ್ನೆ ಯಾರೋ ಗುನುಗುತ್ತಿದ್ದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಆ ಮನುಷ್ಯ ಕದ್ದು ಸಿಕ್ಕಿಬಿದ್ದವನಂತೆ ಬಾಯಿ ಮುಚ್ಚಿಕೊಂಡು "ಸಾರಿ" ಎಂದ. ಇಂಗ್ಲಿಷರ ಈ ಊರಿನಲ್ಲಿ ಕಾಲು ತುಳಿಸಿಕೊಂಡವರೂ ಸಾರಿ ಅನ್ನುತ್ತಾರೆ, ಅದೇನು ದೊಡ್ಡದಲ್ಲ. ಆದರೆ ನನಗೆ ಊರಿನ ಇನ್ನೊಂದು ತುದಿಯ ಇಲ್ಫರ್ಡಿನ ಕಮಲತ್ತೆ ನೆನಪಾದರು.

ಕಮಲತ್ತೆ ನನ್ನ ಸೋದರತ್ತೆ. ಡಾಕ್ಟರಾಗಿದ್ದ ಮಾವನ ಜೊತೆ ಮೈಸೂರಿನಿಂದ ಬಂದವರು. ನಾನು ಕೆಲಸಕ್ಕೆಂದು ಬಂದ ಹೊಸದರಲ್ಲಿ ಅವರ ಮನೆಯಲ್ಲೇ ಇದ್ದೆ. ಕಾಯಿ ತುರಿಯುವಾಗ, ಬಟ್ಟೆ ಮಡಚುವಾಗ ಅತ್ತೆಯ ಗಂಟಲಿನಿಂದ ಸಣ್ಣ ರಾಗವೊಂದು ತಾನಾಗಿ ಹೊರಡುತ್ತಿತ್ತು. ಅದಕ್ಕೆ ಮಾತಿರಲಿಲ್ಲ, ಮೊದಲೂ ಕೊನೆಯೂ ಇರಲಿಲ್ಲ. ಮಾವ ಪೇಪರಿನ ಹಿಂದಿನಿಂದ, "ಸಾಕು ಮಾಡೇ, ಓದೋಕಾಗ್ತಿಲ್ಲ" ಎನ್ನುತ್ತಿದ್ದರು. ಅತ್ತೆಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಆ ವರ್ಷ ನಮ್ಮ ಕನ್ನಡ ಕೂಟಕ್ಕೆ ಭಾಷೆ ಉಳಿಸುವ ಹುರುಪು ಬಂತು. ಅದನ್ನು ಉಳಿಸಿಕೊಳ್ಳಬೇಕಾದ ಮಕ್ಕಳು ಸಭಾಂಗಣದ ಹೊರಗೆ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರೆ, ಒಳಗೆ ದೊಡ್ಡವರು 'ಗುನುಗು: ಅರ್ಥ ಮತ್ತು ಮೂಲ' ಎಂಬ ಗೋಷ್ಠಿ ನಡೆಸಿದರು. ಹೌನ್ಸ್ಲೋದ ಐಟಿ ಮಹಾಶಯರೊಬ್ಬರು ಈ ಪದ ದುಂಬಿಯ ಸದ್ದಿನಿಂದ ಹುಟ್ಟಿತೆಂದು ಪರದೆಯ ತುಂಬ ದುಂಬಿಯ ಚಿತ್ರ ಹಾಕಿದರು. ಧಾರವಾಡದ ಡಾಕ್ಟರೊಬ್ಬರು ಎದ್ದು, "ಹಂಗಲ್ರೀ, ಇದು ಹಿಂದಿಯಿಂದ ಬಂದದ್ದು" ಎಂದರು. ಮೂರನೆಯವರು ಎಲ್ಲದರಂತೆ ಇದಕ್ಕೂ ಸಂಸ್ಕೃತವೇ ತಾಯಿ ಎಂದರು. ಕೊನೆಗೆ ಪ್ರಾತ್ಯಕ್ಷಿಕೆ ಎಂದು, ಸದಾ ಗುನುಗುವವರೆಂದು ಕೂಟದಲ್ಲೆಲ್ಲ ಹೆಸರಾಗಿದ್ದ ಅತ್ತೆಯನ್ನು ವೇದಿಕೆಗೆ ಕರೆದು ಕೈಗೆ ಮೈಕ್ ಕೊಟ್ಟರು. "ಅಮ್ಮಾ, ಸ್ವಲ್ಪ ಗುನುಗಿ."

ಅತ್ತೆ ಬಾಯಿ ತೆರೆದರು. ಏನೂ ಬರಲಿಲ್ಲ. "ನಾನು ಯಾವಾಗ ಗುನುಗ್ತೀನೋ?" ಎಂದು ನನ್ನನ್ನೇ ಕೇಳಿದರು, ಅದೂ ಮೈಕಿನಲ್ಲಿ. ಹಾಲ್ ಪೂರ್ತಿ ನಕ್ಕಿತು.

ಅವತ್ತಿನಿಂದ ಮನೆ ಮೂಕವಾಯಿತು. ತುರಿಮಣೆಯ ಮುಂದೆ ಕೂತರೂ ಅತ್ತೆ ತಮ್ಮ ಗಂಟಲನ್ನು ತಾವೇ ಕಾಯುತ್ತಿದ್ದರು. ವಿದ್ಯಾವಂತನಾದ ನಾನು ಸುಮ್ಮನಿರುತ್ತೇನೆಯೇ? ಮನಸ್ಸು ಹಗುರಾಗಲು ಗುನುಗುವುದನ್ನು ಕಲಿಸುವ ಆ್ಯಪ್ ಒಂದನ್ನು ಹಾಕಿ ಕೇಳಿಸಿದೆ. "ಚೆನ್ನಾಗಿದೆ ಕಣೋ, ಆಫ್ ಮಾಡು" ಎಂದರು. ಮಾವನಿಗೆ ಈಗ ಬೇಕಾದಷ್ಟು ನಿಶ್ಶಬ್ದವಿತ್ತು, ಆದರೂ ಪೇಪರಿನ ಪುಟ ತಿರುಗುತ್ತಿರಲಿಲ್ಲ. ಆಗಾಗ ಎದ್ದು ಹೋಗಿ, ಅಡುಗೆಮನೆಯಲ್ಲಿ ಹೆಂಡತಿ ಇದ್ದಾಳೆಯೇ ಎಂದು ಇಣುಕಿ ಬರುತ್ತಿದ್ದರು.

ಒಂದು ಭಾನುವಾರ ಪೇಪರಿನ ಹಿಂದಿನಿಂದ ಭಯಂಕರ ಸದ್ದೊಂದು ಬಂತು. ಗಾಬರಿಯಾಗಬೇಡಿ, ಮಾವ ಗುನುಗುತ್ತಿದ್ದರು. ಅತ್ತೆಯದೇ ರಾಗ, ಆದರೆ ಕೈಕಾಲು ಮುರಿದುಕೊಂಡಿತ್ತು. ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ನಿಂತಿತು.

"ರೀ, ಅದು ಹಾಗಲ್ಲ. ಅಲ್ಲಿ ಕೆಳಗಿಳೀಬೇಕು" ಎಂದು ಅತ್ತೆ ಇಳಿಸಿ ತೋರಿಸಿದರು. ಇಳಿದದ್ದು ಮತ್ತೆ ಹತ್ತಿತು. ತುರಿಮಣೆ ಶುರುವಾಯಿತು, ರಾಗ ನಿಲ್ಲಲಿಲ್ಲ.

"ಸಾಕು ಮಾಡೇ, ಓದೋಕಾಗ್ತಿಲ್ಲ" ಎಂದರು ಮಾವ, ಮತ್ತು ಪುಟ ತಿರುವಿದರು.

ಇವತ್ತು ಲಿಫ್ಟಿನಲ್ಲಿ ಮತ್ತೆ ಅದೇ ಮನುಷ್ಯ. ಅವನು ಬಾಯಿ ಮುಚ್ಚುವ ಮೊದಲೇ ನಾನು ತಪ್ಪುತಪ್ಪಾಗಿ ಏನನ್ನೋ ಗುನುಗುತ್ತ ಒಳಹೊಕ್ಕೆ. ಅವನು ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡ. ಗ್ರೌಂಡ್ ಫ್ಲೋರ್ ಬರುವಷ್ಟರಲ್ಲಿ ಅವನ ರಾಗ ಮತ್ತೆ ಶುರುವಾಗಿತ್ತು.