ಗಡಿಯಾರದ ಕಾಕಾ ಮತ್ತು ಅಣ್ಣನ ಹುಳ ತಿನ್ನುವ ಗಿಡ

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿ ಹಿಡಿದಂತೆ ಒಂದು ದುಂಡು ಗುರುತಿತ್ತು. ಮೂವತ್ತು ವರ್ಷ ಆ ಕಣ್ಣಿಗೆ ಕರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತದ್ದಕ್ಕೆ ಬಿದ್ದ ಗುರುತು. ಭೂತಗನ್ನಡಿ ತೆಗೆದಿಟ್ಟು ಯಾರದೋ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಾಗಲೂ ಅದು ಹಾಗೇ ಇರುತ್ತಿತ್ತು. ಆ ಕಣ್ಣು ಗಡಿಯಾರದ ಹೊಟ್ಟೆಯೊಳಗಿದ್ದರೆ ಇನ್ನೊಂದು ಕಣ್ಣು ಎದುರಿಗೆ ನಿಂತವರ ಕೈಮೇಲೆ. ನಾನಂತೂ ಹುಟ್ಟಿನಿಂದ ಅನುಮಾನದವಳು. ಕಾಯಿಪಲ್ಲೆಯವಳ ತಕ್ಕಡಿಯನ್ನು ಮೂರು ಸಲ ನೋಡದೆ ಚೀಲ ಬಿಚ್ಚುವವಳಲ್ಲ. ನನ್ನನ್ನೂ ಮೀರಿಸಿದ ಅನುಮಾನದ ಮನುಷ್ಯರೆಂದು ಕಂಡದ್ದು ಅವರೊಬ್ಬರನ್ನೇ.

ಊರಿಗೆಲ್ಲ ಅವರು ಗಡಿಯಾರದ ಕಾಕಾ. ಇಂಡಿ ಊರಿನ ಬಸ್ ನಿಲ್ದಾಣದಿಂದ ನಿಂಬೆಹಣ್ಣಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ಒಂದು ಹೊರಸು ಮಂಚ ಹಿಡಿಸುವಷ್ಟೇ ಜಾಗದ, ಹಲಗೆ ಬಡಿದ ಅಂಗಡಿ ಅವರದು. ನಮ್ಮ ಕಡೆ ಗಡಿಯಾರ ರಿಪೇರಿಯವರ ಮೇಲೆ ಮೊದಲಿನಿಂದಲೂ ಒಂದು ಗುಮಾನಿ: ಒಳಗಿನ ಒಳ್ಳೆಯ ಮಷೀನು ತೆಗೆದು ಹಳೆಯದನ್ನು ಕೂಡಿಸುತ್ತಾರೆ ಅಂತ. ಹಾಗಾಗಿ ಗಡಿಯಾರ ಕೊಟ್ಟವರು ಎದ್ದು ಹೋಗುತ್ತಿರಲಿಲ್ಲ. ಲಚ್ಯಾಣದಿಂದ ಟೆಂಪೋ ಹತ್ತಿ ಬಂದ ರೈತ ಕೊನೆಯ ಟೆಂಪೋ ತಪ್ಪಿದರೂ ಸರಿ ಎಂದು ಅಲ್ಲೇ ಸ್ಟೂಲಿನ ಮೇಲೆ ಕಾವಲು ಕೂರುತ್ತಿದ್ದ. ಕಾಕಾ ಅದಕ್ಕೆ ಬೇಸರ ಮಾಡಿಕೊಂಡವರಲ್ಲ. ಮುಚ್ಚಳ ಬಿಚ್ಚಿ ಸೂಜಿಯೊಂದನ್ನು ಗಿರಾಕಿಯ ಕೈಗೆ ಕೊಟ್ಟು, ಒಳಗಡೆ ತನ್ನದೊಂದು ಗುರುತು ಗೀರಲು ಹೇಳುವರು. ಒಬ್ಬ ತ್ರಿಶೂಲ ಗೀರುತ್ತಿದ್ದ, ಒಬ್ಬ ಕುಡಗೋಲು, ಅಕ್ಷರ ಬಂದವರು ಹೆಸರಿನ ಮೊದಲ ಅಕ್ಷರ. “ನೀ ನನ್ನ ನಂಬಬ್ಯಾಡ, ನಾನೂ ನಿನ್ನ ನಂಬಂಗಿಲ್ಲ. ಗುರುತ ಹಾಕು” ಎನ್ನುವರು. ಇಷ್ಟು ಸಾಲದೆಂದು ಬಂದ ವಸ್ತುವಿನ ಚಿತ್ರವನ್ನು ಒಂದು ವಹಿಯಲ್ಲಿ ಬರೆದುಕೊಳ್ಳುವರು. ಎಲ್ಲಿ ಸೀಳಿದೆ, ಎಲ್ಲಿ ಬಣ್ಣ ಹೋಗಿದೆ, ಪಟ್ಟಿಯಲ್ಲಿ ತೂತು ಎಷ್ಟು, ಎಲ್ಲ.

ಗಡಿಯಾರ ಸುಮ್ಮನೆ ನಿಂತುಬಿಟ್ಟಿತು ಎಂದು ಯಾರಾದರೂ ಹೇಳಿದರೆ ಮುಗಿಯಿತು. “ಸುಮ್ಮನ ಯಾವದೂ ನಿಲ್ಲಂಗಿಲ್ಲ. ಏನ ಮಾಡೀದಿ ಖರೇ ಹೇಳು” ಎಂದು ಕೂಡಿಸಿಕೊಂಡು ವಿಚಾರಣೆ. ನೀರಲ್ಲಿ ಬಿದ್ದದ್ದು, ಹೆಂಡತಿಯ ಮೇಲೆ ಸಿಟ್ಟಾಗಿ ಎಸೆದದ್ದು, ಒಂದೊಂದಾಗಿ ಹೊರಗೆ ಬರುತ್ತಿತ್ತು. ರೇಡಿಯೋದವರು ಹೇಳುವ ಸಮಯವನ್ನೂ ಅವರು ನಂಬುತ್ತಿರಲಿಲ್ಲ. ಓದುವವನು ಚಹಾ ಕುಡಿದು ತಡವಾಗಿ ಬಂದಿದ್ದರೆ ಏನು ಗತಿ ಎನ್ನುತ್ತಿದ್ದರು.

ನಾನು ಅವರಲ್ಲಿಗೆ ಹೋದದ್ದು ಗಡಿಯಾರ ಹಿಡಿದುಕೊಂಡಲ್ಲ. ಅದು ಅಣ್ಣನ ಆಟದ ಡಬ್ಬಿ.

ಪುಣೆಯಲ್ಲಿ ಡಿಪ್ಲೊಮಾ ಓದುತ್ತಿದ್ದ ಅಣ್ಣ ದೀಪಾವಳಿಗೆ ಬಂದಾಗ ಯಾರೋ ಗೆಳೆಯನಿಂದ ಕೊಂಡ ಹಳೆಯದೊಂದು ವಿಡಿಯೋ ಗೇಮ್ ತಂದಿದ್ದ. ಅಂಗೈಯಲ್ಲಿ ಹಿಡಿದು ಆಡುವಂಥದ್ದು, ಹಿಂದೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕ್ಯಾಸೆಟ್ ತುರುಕುವುದು. ಹುಲ್ಲಿನಲ್ಲಿ ಅಡ್ಡಾಡಿದರೆ ಥರಾವರಿ ಪ್ರಾಣಿಗಳು ಎದುರಾಗುತ್ತವೆ. ಹಿಡಿಯಬೇಕು, ಹೆಸರಿಡಬೇಕು, ಕಾದಾಡಿಸಿ ಬೆಳೆಸಬೇಕು. ಜನ ನೂರಾರು ಹಿಡಿಯುತ್ತಾರಂತೆ. ನಮ್ಮಣ್ಣ ಬೆಳೆಸಿದ್ದು ಒಂದನ್ನೇ. ಅದು ಪ್ರಾಣಿಯೂ ಅಲ್ಲ, ಗಿಡ. ಜೋತುಬಿದ್ದ ಹಳದಿ ಹೊಟ್ಟೆ, ಮೇಲೆ ಅಗಲ ಬಾಯಿ, ಹುಳ ಬಂದರೆ ಗುಳುಂ. ಅಯ್ಯನವರ ಹೆಗಲ ಜೋಳಿಗೆಯ ಹಾಗಿದೆಯೆಂದು ಅದಕ್ಕೆ ‘ಜೋಳಗಿ’ ಎಂದೇ ಹೆಸರಿಟ್ಟ, ಇಂಗ್ಲಿಷ್ ಅಕ್ಷರದಲ್ಲಿ. ಅವ್ವ ಅವನ ಪಕ್ಕ ಕೂತು ಶೇಂಗಾ ಸುಲಿಯುತ್ತ ನೋಡುತ್ತಿದ್ದಳು. ಗಿಡ ಹುಳ ತಿನ್ನುತ್ತದೆ ಅಂದರೆ ಅದರಲ್ಲಿ ಏನೋ ಮೋಸವಿದೆ ಎಂಬುದು ಅವಳ ವಾದ. ಆ ಗಿಡಕ್ಕೆ ನಾಲ್ಕು ವಿದ್ಯೆ ಬರುತ್ತಿದ್ದವು. ಮೂರು ಹೊಡೆದಾಟದವು. ನಾಲ್ಕನೆಯದು ಸಿಹಿ ವಾಸನೆ ಬಿಡುವುದು, ಜಗಳಕ್ಕೆ ನಯಾಪೈಸೆ ಉಪಯೋಗವಿಲ್ಲ. ಅದನ್ನು ಮರೆಸಿ ಬೇರೆ ಕಲಿಸು ಎಂದು ನಾನು ಗಂಟುಬಿದ್ದರೆ ಅಣ್ಣ ಒಪ್ಪಲಿಲ್ಲ. “ಇದು ಬೆನ್ನ ಹತ್ತಿ ಹಿಡಿಯಾಂಗಿಲ್ಲಬೇ, ಕರದು ಹಿಡಿತೈತಿ. ಅದ ಇದರ ಗತ್ತು” ಎಂದ.

ಮುಂದಿನ ಬೇಸಿಗೆಯಲ್ಲಿ ಅಣ್ಣನಿಗೆ ಕಾಮಾಲೆ ಆಯಿತು. ಹನ್ನೊಂದು ದಿನ. ಅವನಿಗೆ ಹತ್ತೊಂಬತ್ತು, ನನಗೆ ಹದಿಮೂರು.

ಆಮೇಲೆ ನಾನು ಮಾತು ಬಿಟ್ಟೆ. ಹಟ ಮಾಡಿ ಬಿಟ್ಟದ್ದಲ್ಲ, ಬರಲೇ ಇಲ್ಲ. ಸಾಲೆಯಲ್ಲಿ ಹಾಜರಿಗೆ ಕೈ ಎತ್ತುತ್ತಿದ್ದೆ. ಅಪ್ಪ ವಿಜಾಪುರದ ಡಾಕ್ಟರ ಹತ್ತಿರ ಕರೆದೊಯ್ದರು, ಅಜ್ಜಿ ತೋಳಿಗೆ ಅಂತ್ರ ಕಟ್ಟಿಸಿದಳು, ಅಂತ್ರ ಕಟ್ಟಿದವನ ಮೇಲೂ ನನಗೆ ಅನುಮಾನವೇ. ದಿನಾ ಸಾಲೆಯಿಂದ ಬಂದು ಆ ಡಬ್ಬಿ ಹಚ್ಚಿ ಜೋಳಗಿಯನ್ನು ನೋಡುವುದೊಂದೇ ನನ್ನ ಕೆಲಸ. ಆಡುತ್ತಿರಲಿಲ್ಲ. ಅಣ್ಣ ನಿಲ್ಲಿಸಿದ ಜಾಗದಲ್ಲಿ, ಅವನು ನಿಲ್ಲಿಸಿದ ಹಾಗೇ ಅದು ಇರಬೇಕು.

ಆ ಆಟದೊಳಗೂ ಒಂದು ಗಡಿಯಾರವಿತ್ತು. ನಮ್ಮ ಊರಲ್ಲಿ ಹೊತ್ತು ಮುಳುಗಿದರೆ ಅಲ್ಲೂ ಕತ್ತಲಾಗುತ್ತಿತ್ತು. ಒಂದು ದಿನ ಹಚ್ಚಿದರೆ ಗಡಿಯಾರ ನಿಂತಿದೆ, ಸಮಯ ತಪ್ಪಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಬಂತು. ಗಡಿಯಾರ ನಿಂತರೆ ಇಂಡಿ ಊರಿನ ಜನ ಎಲ್ಲಿಗೆ ಹೋಗುತ್ತಾರೆ? ಗಡಿಯಾರದ ಕಾಕಾನ ಹತ್ತಿರ. ಚೀಟಿಯಲ್ಲಿ ಬರೆದು ಅವ್ವನ ಕೈಗೆ ಕೊಟ್ಟೆ. ಅವ್ವ ನನ್ನನ್ನು ಕರೆದುಕೊಂಡು ಹೋದಳು.

ಕಾಕಾ ಡಬ್ಬಿಯನ್ನು ಹಾವಿನ ಬುಟ್ಟಿ ನೋಡಿದಂತೆ ನೋಡಿದರು. ಹಚ್ಚಿ ತೋರಿಸು ಎಂದರು. ತೋರಿಸಿದೆ. ಗಿಡದ ಚಿತ್ರವನ್ನು ವಹಿಯಲ್ಲಿ ಬರೆದುಕೊಂಡರು, ಹೆಸರಿನ ಅಕ್ಷರಗಳನ್ನೂ ಅಂಕಿಗಳನ್ನೂ ರಂಗೋಲಿ ನೋಡಿ ರಂಗೋಲಿ ಹಾಕುವ ಹಾಗೆ ಇಳಿಸಿಕೊಂಡರು; ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಆಟದಲ್ಲಿ ಆ ಚಿತ್ರದ ಹಿಂದೆ ನಾಲ್ಕು ವಿದ್ಯೆಗಳನ್ನು ಬರೆದ ಇನ್ನೊಂದು ಪುಟ ಇತ್ತು. ಅದನ್ನು ಅವರು ಕೇಳಲಿಲ್ಲ, ನಾನು ತೋರಿಸಲಿಲ್ಲ. ಕ್ಯಾಸೆಟ್ ಬಿಚ್ಚಿ ಒಳಗಿನ ಗುಂಡನೆಯ ಸೆಲ್ ಕಂಡು ಸಮಾಧಾನವಾಯಿತು ಅವರಿಗೆ. ಇದು ನಮ್ಮದೇ ಜಾತಿ ಎಂದರು. ನಾನು ಸೂಜಿಯಿಂದ ಕ್ಯಾಸೆಟ್ಟಿನ ಒಳಗೆ ಅಣ್ಣನ ಹೆಸರಿನ ಅಕ್ಷರ ಗೀರಿದೆ. ಸೋಲಾಪುರದಿಂದ ಸೆಲ್ ತರಿಸಬೇಕು, ಎಂಟು ದಿನ ಬಿಟ್ಟು ಬಾ ಎಂದರು.

ಎಂಟು ದಿನಕ್ಕೆ ಹೋದರೆ ನಾಳೆ. ನಾಳೆ ಹೋದರೆ ಅಮಾಸಿ ಆಗಲಿ. ಅಮಾವಾಸ್ಯೆ ಒಂದಾಯಿತು, ಎರಡಾಯಿತು, ಮೂರಾಯಿತು. ದಿನಾ ಸಂಜೆ ಸಾಲೆ ಬಿಟ್ಟೊಡನೆ ಅಂಗಡಿ ಮುಂದೆ ಹೋಗಿ ನಿಲ್ಲುತ್ತಿದ್ದೆ. ನಾನು ಕಂಡ ಕೂಡಲೇ ಅವರು ತೊಡೆ ಮೇಲಿಂದ ಏನನ್ನೋ ಬಟ್ಟೆಯಡಿ ಸರಿಸುವರು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿಲ್ಲ, ಆಗಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಲಕ್ಷಣ! ಸೋಲಾಪುರದಲ್ಲಿ ಮಾರಿದ್ದಾರೆ ಎಂದು ಒಂದು ದಿನ ಅನಿಸುವುದು. ಕೆಡಿಸಿಟ್ಟಿದ್ದಾರೆ ಎಂದು ಇನ್ನೊಂದು ದಿನ. ಅವರ ಕಣ್ಣು ಎರಡೂ ಕೆಂಪಾಗಿರುತ್ತಿದ್ದವು. ಕುಡಿಯಲು ಕಲಿತಿದ್ದಾರೋ ಏನೋ ಎಂದೂ ಎಣಿಸಿದೆ. ಮನೆಯಲ್ಲಿ ಅವ್ವನಿಗೆ ಚೀಟಿ ಬರೆದು ತೋರಿಸಿದರೆ, ಕೊಡ್ತಾರ ಬಿಡು ಎಂದು ಅವಳು ಒಲೆಯ ಕಡೆ ತಿರುಗುತ್ತಿದ್ದಳು. ಅವ್ವನ ಆ ಬೆನ್ನಿನ ಮೇಲೂ ನನಗೆ ಅನುಮಾನ ಬಂತು.

ಒಂದು ಮಧ್ಯಾಹ್ನ ಸಾಲೆ ಬೇಗ ಬಿಟ್ಟಿತು. ಮುಂದಿನಿಂದ ಹೋಗದೆ ಅಂಗಡಿಯ ಹಿಂದಿನ ಸಂದಿಯಿಂದ ಬಂದು ಇಣುಕಿದೆ. ಕಾಕಾ ಅಣ್ಣನ ಡಬ್ಬಿ ಹಿಡಿದು ಕೂತಿದ್ದಾರೆ. ಎರಡೂ ಹೆಬ್ಬೆರಳು ಟಕಟಕ ಓಡುತ್ತಿವೆ. ಆಡುತ್ತಿದ್ದಾರೆ! ನಾನು ಮುಟ್ಟದೆ ಕಾಯ್ದಿಟ್ಟದ್ದನ್ನು ಈ ಮುದುಕ ಕೂತು ಆಡುತ್ತಿದ್ದಾನೆ.

“ಅದು ನಮ್ಮಣ್ಣಂದು” ಎಂದೆ.

ಕಾಕಾ ತಿರುಗಿದರು. ಭೂತಗನ್ನಡಿ ಕಣ್ಣಿಂದ ಜಾರಿ ಮೇಜಿನ ಮೇಲೆ ಬಿತ್ತು.

“ಏನಂದಿ?”

“ನಮ್ಮಣ್ಣಂದು. ಕಳ್ಳ ಅದಿ ನೀ.”

“ಮತ್ತೊಮ್ಮೆ ಅನ್ನು.”

ಹೆದರಿಸುತ್ತಿದ್ದಾರೆ ಎಂದುಕೊಂಡೆ. “ಕಳ್ಳ! ಕಳ್ಳ! ಪ್ಯಾಟಿ ತುಂಬ ಹೇಳ್ತೇನಿ” ಎಂದು ಕೂಗಿದೆ. “ಹೇಳು ಮತ್ತ, ಜೋರ ಹೇಳು” ಎಂದರು. ಎಂಥ ಭಂಡ ಮನುಷ್ಯ ಎನಿಸಿತು. ಪುಸ್ತಕದ ಚೀಲ ಎತ್ತಿಕೊಂಡು ಓಡಿದೆ. ಹೇಳಿದೆ ಕೂಡ. ಚಹಾದ ಅಂಗಡಿಯವನಿಗೆ, ಬಳೆಗಾರ್ತಿಗೆ, ಟೆಂಪೋ ಕಾಯುತ್ತಿದ್ದ ಹೆಂಗಸರಿಗೆ, ಸಿಕ್ಕವರಿಗೆಲ್ಲ. ಏಳು ತಿಂಗಳು ತಡೆದು ನಿಂತದ್ದೆಲ್ಲ ಬಯ್ಗುಳವಾಗಿ ಹೊರಗೆ ಬಂತು.

ಹದಿನೈದು ದಿನದ ಮೇಲೆ ಕಾಕಾ ತಾವೇ ಮನೆಗೆ ಬಂದು ಡಬ್ಬಿ ಕೊಟ್ಟರು. ಹಚ್ಚಿದರೆ ಗಡಿಯಾರ ಸರಿಯಾಗಿ ನಡೆಯುತ್ತಿದೆ. ಜೋಳಗಿ ಇದೆ, ಹೆಸರು ಅದೇ, ಹೆಸರಿನ ಕೆಳಗಿನ ಅಂಕಿ ಅದೇ, ನಿಂತ ಜಾಗವೂ ಅದೇ. ಕ್ಯಾಸೆಟ್ ಬಿಚ್ಚಿಸಿದೆ, ನಾನು ಗೀರಿದ ಅಕ್ಷರವೂ ಇತ್ತು. ನನಗೆ ಅಷ್ಟಕ್ಕೆ ಸಮಾಧಾನವಾದೀತೇ? ಅವರು ಚಪ್ಪಲಿ ಮೆಟ್ಟುವುದರೊಳಗೆ ಇನ್ನೊಂದು ಪುಟ ತೆರೆದೆ. ನಾಲ್ಕನೆಯ ವಿದ್ಯೆ, ಆ ಸಿಹಿ ವಾಸನೆ, ಇರಲಿಲ್ಲ. ಅದರ ಜಾಗದಲ್ಲಿ ಬೇರೇನೋ ಹೊಡೆದಾಟದ ವಿದ್ಯೆ. ಮಷೀನು ಬದಲಾಗಿತ್ತು! ಗುರುತು ನಮ್ಮದು, ಒಳಗಿನದು ನಮ್ಮದಲ್ಲ.

ಅಂಗಳದಲ್ಲಿ ಅವರನ್ನು ಅಡ್ಡಗಟ್ಟಿ ಇದು ನಮ್ಮ ಜೋಳಗಿ ಅಲ್ಲ ಎಂದು ಕಿರುಚಿದೆ. ಅವರು ನನ್ನ ಮುಖ ನೋಡಲಿಲ್ಲ. “ಅದ ಐತಿ ತಂಗಿ. ಸರೀ ನೋಡು” ಎಂದು ಹೊರಟುಹೋದರು. ಎಡಗಣ್ಣು ನೆಲ ನೋಡಿದ್ದನ್ನು ನಾನು ಅವತ್ತೇ ಮೊದಲ ಸಲ ಕಂಡೆ. ಕಳ್ಳತನಕ್ಕೆ ಇನ್ನೇನು ಸಾಕ್ಷಿ ಬೇಕು?

ಮಾತು ಬಂದ ಮೇಲೆ ನನ್ನ ಬಾಯಿ ಕೇಳಬೇಕೆ. ಗಡಿಯಾರದ ಕಾಕಾ ಸತ್ತವರ ಸಾಮಾನನ್ನೂ ಬಿಡುವುದಿಲ್ಲ ಎಂದು ನಾನು ಹಬ್ಬಿಸಿದ ಮಾತು ಟೆಂಪೋ ಹತ್ತಿ ಹಳ್ಳಿಗಳಿಗೆ ಹೋಯಿತು. ಸ್ಟೂಲಿನ ಮೇಲೆ ಕಾವಲು ಕೂರಲೂ ಜನ ಬರದ ಹಾಗಾಯಿತು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅವರು ಗಡಿಯಾರ ಬಿಟ್ಟು ಕೊಡೆ, ಟಾರ್ಚು ರಿಪೇರಿ ಮಾಡುತ್ತಿದ್ದರು. ಎದುರಾದರೆ ನಾನು ಮುಖ ತಿರುಗಿಸಿ ಹೋಗುತ್ತಿದ್ದೆ. ಅವರು ಮಾತ್ರ ಪ್ರತಿಸಲವೂ, ಏನಾದರೂ ಅನ್ನಬಹುದೇ ಎಂಬಂತೆ ನಿಂತು ನೋಡುತ್ತಿದ್ದರು.

ನಾನು ಬಸವನ ಬಾಗೇವಾಡಿಯಲ್ಲಿ ಮಾಸ್ತರಿಕೆಗೆ ಸೇರಿದ ವರ್ಷ, ರಜೆಗೆ ಬಂದಾಗ ಕಾಕಾ ತೀರಿಕೊಂಡ ಸುದ್ದಿ ಬಂತು. ರೊಟ್ಟಿ ತಿನ್ನುತ್ತ ಕೂತಿದ್ದೆ. “ಸತ್ತನೇನು ಕಳ್ಳ” ಎಂದೆ.

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ನನ್ನ ಕಡೆ ತಿರುಗಿದಳು. ರೊಟ್ಟಿ ಸೀದು ಹೊಗೆ ಎದ್ದರೂ ಅವಳು ತಿರುಗಿ ನೋಡಲಿಲ್ಲ.

ಅಂದು ನಾವು ರಿಪೇರಿಗೆ ಡಬ್ಬಿ ಕೊಟ್ಟ ಐದನೆಯ ದಿನ ಕಾಕಾ ಮನೆಗೆ ಬಂದಿದ್ದರಂತೆ, ನಾನು ಸಾಲೆಗೆ ಹೋದಾಗ. ಕೈಗಡಿಯಾರದ ಸೆಲ್ ತೆಗೆದರೆ ಗಡಿಯಾರ ನಿಲ್ಲುತ್ತದೆ, ಹೊಸದು ಹಾಕಿ ಮುಳ್ಳು ತಿರುವಿದರೆ ಮತ್ತೆ ನಡೆಯುತ್ತದೆ. ಅವರ ಕಸುಬು ಅವರಿಗೆ ಕಲಿಸಿದ್ದು ಅಷ್ಟು. ಇದರಲ್ಲಿ ನೆನಪೆಲ್ಲ ಆ ಸೆಲ್ಲಿನ ಬಲದ ಮೇಲೆ ನಿಂತಿರುತ್ತದೆಂದು ಅವರಿಗೇನು ಗೊತ್ತು? ತೆಗೆದರು, ಹಾಕಿದರು, ಹಚ್ಚಿದರು. ಅಣ್ಣನ ಗಿಡ ಇಲ್ಲ. ಅವ್ವನ ಮುಂದೆ ನೆಲದ ಮೇಲೆ ಕೂತು, ತಪ್ಪು ನನ್ನದೇ, ಸುಮ್ಮನೆ ನಿಂತದ್ದಲ್ಲ ಎಂದರಂತೆ. ಹುಡುಗಿಗೆ ಹೇಳಬೇಡಿ ಎಂದು ಬೇಡಿಕೊಂಡವಳು ಅವ್ವ. ಮೊದಲಿನಿಂದ ಬೆಳೆಸುತ್ತೇನೆ ಎಂದವರು ಅವರು. ಅಣ್ಣನ ಪಕ್ಕ ಶೇಂಗಾ ಸುಲಿಯುತ್ತ ಕಂಡದ್ದನ್ನೆಲ್ಲ ಅವ್ವ ವಾರಕ್ಕೊಮ್ಮೆ ಹೋಗಿ ಹೇಳಿಕೊಟ್ಟಳಂತೆ: ಮೊದಲು ಅದು ಗಂಟೆಯಂಥ ಸಣ್ಣ ಸಸಿ ಇರುತ್ತದೆ, ಈ ಕಡೆಯ ಹುಲ್ಲಲ್ಲಿ ಸಿಗುತ್ತದೆ, ಇಂಥ ಕಲ್ಲು ಕೊಟ್ಟರೆ ದೊಡ್ಡದಾಗುತ್ತದೆ. ನಾಲ್ಕು ತಿಂಗಳು. ಹೊಸ ವಿದ್ಯೆ ಬಂದಾಗ ಹಳೆಯದನ್ನು ಮರೆಸಲೇ ಎಂದು ಆಟ ಇಂಗ್ಲಿಷಿನಲ್ಲಿ ಕೇಳಿರಬೇಕು, ಕಾಕಾ ಹೂಂ ಎಂದು ಒತ್ತಿರಬೇಕು. ಇಬ್ಬರಿಗೂ ಅಷ್ಟು ತಿಳಿಯಲಿಲ್ಲ.

“ನಾ ಊರ ತುಂಬ ಬೈಕೋಂತ ತಿರಗಿದೆ. ಆವಾಗರ ಹೇಳಬೇಕಿತ್ತಲ್ಲಬೇ” ಎಂದೆ.

“ಹೇಳಾಕ ಎದ್ದಿದ್ದೆ. ಅವರ ತಡದ್ರು. ಈಗ ನಡುವ ಕೈ ಹಾಕಿದರ ಆಕಿ ಮಾತು ಮತ್ತ ನಿಂತ ಬಿಡತೈತಿ ಅಕ್ಕಾರ, ನಡೀಲಿ ಬಿಡ್ರಿ ಅಂದ್ರು. ಆಣಿ ಹಾಕಿಸ್ಕೊಂಡ್ರು.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಮೊದಲ ಸಲ ಕೂಗಾಡಿದ ಆ ಮಧ್ಯಾಹ್ನದ್ದನ್ನು ಆಮೇಲೆ ಹೇಳಿದಳು. ನಾನು ಇನ್ನೂ ಪೇಟೆಯಲ್ಲಿ ಬಯ್ಯುತ್ತ ತಿರುಗುತ್ತಿದ್ದೆ. ಅಷ್ಟರೊಳಗೆ ಕಾಕಾ ಅಂಗಡಿಯನ್ನು ತೆರೆದದ್ದು ತೆರೆದಂತೆ ಬಿಟ್ಟು, ಬರಿಗಾಲಲ್ಲಿ, ನಮ್ಮ ಮನೆಗೆ ಓಡಿ ಬಂದಿದ್ದರಂತೆ. ದಮ್ಮು ಹತ್ತಿ ಬಾಗಿಲು ಹಿಡಿದು ನಿಂತು, “ಅಕ್ಕಾರ, ಮಾತಾಡಿದ್ಳ್ರಿ” ಎಂದರಂತೆ.

ಅವ್ವನಿಗೆ ನಂಬಿಕೆ ಆಗಲಿಲ್ಲ. ಏನೆಂದಳು ಎಂದು ಕೇಳಿದಳು.

“ಕಳ್ಳ ಅಂದ್ಳ್ರಿ ನನಗ. ಮೂರ ಸಲ ಅನ್ನಿಸೀನಿ. ಸ್ವಚ್ಛ ಅಂದ್ಳು.”