ದಾಶ್‌ಜೆವೆಗ್ ಅಣ್ಣ ಹೊಳೆಗೆ ಇಳಿದದ್ದು

ದಾಶ್‌ಜೆವೆಗ್ ನನ್ನ ಗಂಡನ ಜೊತೆ ಒಂಟೆ ಕಾಯ್ದುಕೊಂಡು ಬೆಳೆದವನು. ನಾನು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಮೂವತ್ತೊಂದು ವರ್ಷ ಗೋಬಿ ಮರುಭೂಮಿಯ ಮರಳಿನಿಂದ ಬಡಗಣ ಕಾಡಿನವರೆಗೆ ವ್ಯಾನು ಓಡಿಸಿದ. ನಮ್ಮಲ್ಲಿ ರಸ್ತೆ ಎಂದರೆ ಬಯಲ ತುಂಬ ಹರಡಿಕೊಂಡ ಹತ್ತಾರು ಗಾಲಿಗುರುತು. ಯಾವುದು ಎಲ್ಲಿಗೆ ಎಂಬುದು ಓಡಿಸುವವನಿಗೇ ಗೊತ್ತಿರಬೇಕು.

ಗಂಡ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ಕಾಡಿನ ಕಡೆಯಿದ್ದ ಮಗಳ ಬಾಣಂತನಕ್ಕೆಂದು ದಾಶ್‌ಜೆವೆಗ್ ಅಣ್ಣನ ವ್ಯಾನಿನಲ್ಲಿ ಹೊರಟೆ. ಅವನ ಪಕ್ಕದ ಸೀಟು ನನಗೆ. ಮರಳು ಮುಗಿಯುವಲ್ಲಿ ಅವನು ಇಳಿದು, ಒಂದು ಹಿಡಿ ಹುಲ್ಲು ಕಿತ್ತು ಮೂಸಿದ.

"ಕಾಡು ಈರುಳ್ಳಿ. ಇನ್ನೂ ಎಡಕ್ಕೆ ಹೋಗ್ಬೇಕು."

"ಏನೋ, ವ್ಯಾನ್ ಓಡಿಸ್ತೀಯೋ, ಮೇಯ್ತೀಯೋ?" ಎಂದಳು ಹಿಂದೆ ಕೂತಿದ್ದ ಸುರೆನ್. ಸಹಕಾರಿ ಹೊಲದಲ್ಲಿ ಟ್ರಾಕ್ಟರ್ ಓಡಿಸಿದ್ದ ಹೆಂಗಸು ಅವಳು. ಎಲ್ಲರೂ ನಕ್ಕರು.

ಸ್ವಲ್ಪ ಹೊತ್ತಿಗೆ ದಾರಿಗೆ ಅಡ್ಡ ಮೇಕೆ ಹಿಂಡು ಬಂತು. ಅವನು ನಿಧಾನಿಸಲೇ ಇಲ್ಲ. ನಾನು ಕೂಗಿಕೊಂಡ ಮೇಲೆ ಬ್ರೇಕು ಒತ್ತಿದ.

"ಕಲ್ಲು ಅಂದ್ಕೊಂಡೆ ತಂಗೀ," ಎಂದ, ನನಗೊಬ್ಬಳಿಗೇ ಕೇಳುವಂತೆ. "ಯಾರಿಗೂ ಹೇಳ್ಬೇಡ. ಈ ವ್ಯಾನು ಬಿಟ್ರೆ ನಾನು ಯಾರು ಹೇಳು?"

ಹೇಳಲಿಲ್ಲ. ಅಲ್ಲಿಂದ ಅವನಿಗೆ ಕಣ್ಣಾದೆ. ಬೂದುಬಣ್ಣದ ಜಲ್ಲಿನೆಲ ಹೋಗಿ ಹುಲ್ಲುಗಾವಲು ಬಂತು, ಕರಿ ಬಂಡೆಗಳು ಬಂದವು, ಬೆಟ್ಟದ ಬೆನ್ನಿನ ಮೇಲೆ ಮೊದಲ ಮರಗಳು ಬಂದವು. ಎಲ್ಲವನ್ನೂ ಹರಟೆಯ ಹಾಗೆ ಹೇಳುತ್ತಾ ಹೋದೆ. ಹಾಗೆ ಹೇಳಲು ಖುಷಿಯೂ ಆಗುತ್ತಿತ್ತು, ಸುಳ್ಳಾಡಲಾರೆ.

ಹೊಳೆ ಬಂತು. ಮೇಲೆಲ್ಲೋ ಮಳೆಯಾಗಿ ನೀರು ಕೆಂಪಾಗಿತ್ತು.

"ಹೊಳೇಲಿ ಯಾವುದಾದ್ರೂ ಕುದುರೆ ನಿಂತಿದ್ಯಾ? ನೀರು ಅದಕ್ಕೆ ಎಲ್ಲೀವರೆಗಿದೆ?" ಎಂದು ಕೇಳಿದ.

ಕುದುರೆ ನಿಂತಿತ್ತು. ನೀರು ಅದರ ಮೊಣಕಾಲಿಗೋ ಹೊಟ್ಟೆಗೋ ತಿಳಿಯಲಿಲ್ಲ. ಮೊಣಕಾಲು ಎಂದಿದ್ದರೆ ಅವನು ವ್ಯಾನು ಇಳಿಸಿಯೇ ಬಿಡುತ್ತಿದ್ದ. ಒಳಗೆ ಒಂಬತ್ತು ಜನರಿದ್ದೆವು.

"ಅಣ್ಣಾ, ನನಗೆ ಗೊತ್ತಾಗ್ತಿಲ್ಲ. ನಿನಗೆ ಕಾಣ್ತಿಲ್ಲ," ಎಂದೆ. ದನಿ ಏರಿಬಿಟ್ಟಿತ್ತು. ಎಲ್ಲರಿಗೂ ಕೇಳಿಸಿತು.

ಅವನು ಇಂಜಿನ್ ನಿಲ್ಲಿಸಿದ. ನನ್ನತ್ತ ತಿರುಗಲಿಲ್ಲ. "ಹೌದು, ಎರಡು ವರ್ಷದಿಂದ ಸರಿಯಾಗಿ ಕಾಣ್ತಿಲ್ಲ," ಎಂದು ಮುಂದಿನ ಗಾಜಿಗೆ ಹೇಳಿದ.

ಸುರೆನ್ ಹಿಂದಿನಿಂದ ಇಳಿದು ಬಂದು ಅವನ ಬಾಗಿಲು ತೆಗೆದಳು.

"ಈ ಹೊಳೆ ಯಾರಿಗೆ ಗೊತ್ತು, ನನಗಾ? ಕೀ ಕೊಡು. ನೀನು ಮುಂದೆ ನಡಿ, ನಿನ್ನ ಹಿಂದೆ ನಾನು ಬರ್ತೀನಿ. ಮುಳುಗಿದ್ರೆ ಮೊದ್ಲು ನೀನೇ ಮುಳುಗು."

ಅವನು ಬೂಟು ಕಳಚಿ ನೀರಿಗಿಳಿದ. ಕಾಲಿನಿಂದ ಕಲ್ಲು ತಡಕುತ್ತಾ, ತೊಡೆಮಟ್ಟದ ನೀರಿನಲ್ಲಿ, ಒಮ್ಮೆ ಎಡಗೈ ಒಮ್ಮೆ ಬಲಗೈ ಎತ್ತುತ್ತಾ ನಡೆದ. ಒಂದೇ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ವ್ಯಾನು ಅವನ ಕೈ ಹೇಳಿದಂತೆ ಹೋಯಿತು.