ಕೆಂಪಿಗೆ ತಾಗಿದ ಕಣ್ಣು

ನನ್ನ ಅಮ್ಮ ಬರ್ತಾಳಿಗೆ ಬೆಳ್ಮಣ್ಣಿನಲ್ಲಿ ಎರಡು ಹೆಸರುಗಳಿದ್ದವು. ಎದುರಿಗೆ ಬರ್ತಾ ಬಾಯಿ, ಬೆನ್ನ ಹಿಂದೆ ಒಣಮೆಣಸು. ಎರಡನೆಯದೇ ಸರಿಯಾದ ಹೆಸರು ಎಂದು ಮಗಳಾದ ನಾನೇ ಹೇಳುತ್ತೇನೆ. ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು. ಆದರೂ ಆ ಕೋಳಿಯ ವಿಷಯ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

1979ರ ಫೆಬ್ರವರಿಯಲ್ಲಿ ಪಪ್ಪ ಮಣಿಪಾಲದ ಆಸ್ಪತ್ರೆಯಲ್ಲಿ ಒಂದು ತಿಂಗಳು ಮಲಗಿ ಮನೆಗೆ ಬಂದರು. ಶ್ವಾಸಕೋಶದ ಕಾಯಿಲೆ. ಮೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ದಿನಕ್ಕೊಂದು ಮೊಟ್ಟೆ ತಪ್ಪಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂಗಡಿಯಲ್ಲಿ ಫಾರ್ಮಿನ ಬಿಳಿ ಮೊಟ್ಟೆ ಬೇಕಾದಷ್ಟು ಸಿಗುತ್ತಿತ್ತು. "ಅದು ಮೊಟ್ಟೆಯಾ? ಬರೀ ನೀರು," ಎಂದು ಅಮ್ಮ ತಳ್ಳಿಹಾಕಿದಳು. ಹಿತ್ತಿಲಲ್ಲಿ ಮೊಟ್ಟೆಯಿಡುತ್ತಿದ್ದದ್ದು ಕೆಂಪಿ ಎಂಬ ಹೇಂಟೆ ಒಂದೇ. ಪಪ್ಪನ ಜೀವವನ್ನು ಅಮ್ಮ ಅದರ ಮೇಲೆ ಹೊರಿಸಿದಳು.

ಅದೇ ತಿಂಗಳ ಕೊನೆಯ ಬುಧವಾರ ಹಣೆಗೆ ಬೂದಿ ಹಾಕಿಸಿಕೊಂಡು ಚರ್ಚಿನಿಂದ ಬಂದವಳೇ ಹರಕೆ ಹೊತ್ತಳು. ಈಸ್ಟರ್‌ವರೆಗೆ ನಮ್ಮವರೆಲ್ಲ ಮಾಂಸ ಬಿಡುತ್ತಾರೆ. ಎಲ್ಲರೂ ಮಾಡಿದಷ್ಟೇ ಮಾಡಿದರೆ ಅವಳು ಬರ್ತಾ ಹೇಗಾಗುತ್ತಾಳೆ? ಪಪ್ಪ ತನ್ನ ಕಾಲಿನಲ್ಲೇ ನಡೆದು ಚರ್ಚಿಗೆ ಹೋಗುವವರೆಗೆ ಮನೆಯೊಳಗೆ ಮೀನೂ ಬರಬಾರದು ಎಂದಳು. ಹರಕೆ ಅವಳದ್ದು, ಉಪವಾಸ ನನ್ನದು.

ಒಂದು ತಿಂಗಳಾಗಿರಬಹುದು. ಪಕ್ಕದ ಮನೆಯ ನಳಿನಾಕ್ಷಿ ಬೇಲಿಯಾಚೆಯಿಂದ ಅಮ್ಮನ ಕೈಯಲ್ಲಿದ್ದ ಮೊಟ್ಟೆ ನೋಡಿ, "ಎಷ್ಟು ಚಂದ ಉಂಟಲ್ವಾ ಬಾಯಿ!" ಎಂದಳು. ಅದಾಗಿ ನಾಲ್ಕನೆಯ ದಿನ ಗೂಡಿನಿಂದ ತೆಗೆಯುವಾಗಲೇ ಮೊಟ್ಟೆ ಅಮ್ಮನ ಹೆಬ್ಬೆರಳಿಗೆ ಕುಸಿದು ಸೋರಿಹೋಯಿತು. ಮರುದಿನದ್ದೂ ಹಾಗೆಯೇ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಅಮ್ಮ ಕೆಂಪಿಗೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಎಲ್ಲರಿಗಿಂತ ಹೆಚ್ಚು ಕೆಮ್ಮಿದ್ದು ಪಪ್ಪ. ಆ ಕೆಮ್ಮು ಕೇಳಿ ಅವಳ ತಲೆ ಇನ್ನಷ್ಟು ಕೆಟ್ಟಿತು. ಬೇಲಿಯ ಹತ್ತಿರ ಹೋಗಿ ಇಡೀ ಕೇರಿಗೆ ಕೇಳುವ ಹಾಗೆ ಕೂಗಿದಳು.

"ಮಕ್ಕಳಿಲ್ಲದವಳ ಕಣ್ಣು! ಕೋಳಿಯ ಹೊಟ್ಟೆಯನ್ನೂ ಬಿಡಲಿಲ್ಲ ಇವಳು!"

ನಳಿನಾಕ್ಷಿ ಬಟ್ಟೆ ಒಣಹಾಕುತ್ತಿದ್ದಳು. ಹಿಂಡಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅಮ್ಮ ಪಪ್ಪನ ಜೊತೆ ಆಸ್ಪತ್ರೆಯಲ್ಲಿದ್ದ ಆ ಒಂದು ತಿಂಗಳು ನನಗೆ ಅನ್ನ ಹಾಕಿ, ತಲೆ ಬಾಚಿ, ಪಕ್ಕದಲ್ಲಿ ಮಲಗಿಸಿಕೊಂಡವಳು ಅವಳು. ನಾನು ಅಮ್ಮನ ಸೆರಗು ಹಿಡಿದು ಎಳೆದೆ. ಕೆನ್ನೆಗೊಂದು ಬಿತ್ತು. ಏಟಿಗಿಂತ ಹೆಚ್ಚು ಅವಳ ಮಾತಿಗೆ ನನಗೆ ನಾಚಿಕೆಯಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕೆಂಪಿ ಆಚೆ ಹಿತ್ತಿಲಿಗೆ ನುಸುಳುತ್ತಿದ್ದ ಬೇಲಿಯ ಕಂಡಿಗೆ ಮುಳ್ಳು ತುರುಕಿ ಮುಚ್ಚಿದಳು. ಆಮೇಲೆ ಬಂದ ಮೊಟ್ಟೆಗಳಿಗೆ ಚಿಪ್ಪೇ ಇರಲಿಲ್ಲ, ಬರೀ ತೊಗಲು. ಪಪ್ಪನಿಗೆ ಗಂಜಿಯೇ ಗತಿಯಾಯಿತು. ಅಂಗಡಿಯ ಮೊಟ್ಟೆ ತರುತ್ತೇನೆ ಎಂದರೆ ನನ್ನ ಮೇಲೆಯೇ ಹಾರಿದಳು. ಈಸ್ಟರ್ ಕಳೆಯಿತು, ಪಪ್ಪ ಮಂಚ ಬಿಟ್ಟು ಏಳಲಿಲ್ಲ. ರೋಗಿಗೆ ಹರಕೆ ತಾಗುವುದಿಲ್ಲ ಎಂದು ಹೇಳಿ, ಬರುವ ಭಾನುವಾರ ಕೆಂಪಿಯನ್ನೇ ಕೊಯ್ದು ಪಪ್ಪನಿಗೆ ಸಾರು ಮಾಡುವುದೆಂದು ಅಮ್ಮ ಕತ್ತಿ ಮಸೆದಿಟ್ಟಳು.

ಶನಿವಾರ ಕಾಪುವಿನಿಂದ ಮೀನಿನ ಪುಷ್ಪಾವತಿ ಬಂದಳು. ಹರಕೆಯ ವಿಷಯ ಅವಳಿಗೆ ಗೊತ್ತಿತ್ತು. ಒಂದು ಲೋಟ ನೀರು ಕುಡಿಯಲೆಂದು ಬುಟ್ಟಿ ಇಳಿಸಿದವಳಿಗೆ ಅಮ್ಮ ತೊಗಲು ಮೊಟ್ಟೆ ತೋರಿಸಿ ನಳಿನಾಕ್ಷಿಯನ್ನು ಬೈದಳು. ಪುಷ್ಪಾವತಿ ಗುಡಿಸಿ ಚೊಕ್ಕ ಮಾಡಿದ ಹಿತ್ತಿಲನ್ನೊಮ್ಮೆ ನೋಡಿದಳು. ಮೊದಲು ನಾವು ಮರುವಾಯಿ, ಎಂದರೆ ಕಪ್ಪೆಚಿಪ್ಪು, ಬೇಯಿಸಿ ತಿಂದು ಚಿಪ್ಪನ್ನು ಅಲ್ಲೇ ಸುರಿಯುತ್ತಿದ್ದೆವು.

"ಮರುವಾಯಿ ಚಿಪ್ಪಿನ ರಾಶಿ ಎಲ್ಲಿ ಬಾಯಮ್ಮ?"

"ಮನೆಗೆ ಮೀನೇ ಬರುವುದಿಲ್ಲ. ಇನ್ನು ಮರುವಾಯಿ ಎಲ್ಲಿಂದ ಬರುವುದು?"

"ಮತ್ತೆ ಕೋಳಿ ಎಂತ ತಿನ್ನುವುದು, ನಿಮ್ಮ ಹರಕೆಯನ್ನಾ?" ಪುಷ್ಪಾವತಿಗೂ ಸಿಟ್ಟು ಬಂದಿತ್ತು. "ಅದು ಚಿಪ್ಪಿನ ಚೂರು ಹೆಕ್ಕಿ ತಿಂದರೆ ತಾನೇ ಮೊಟ್ಟೆಗೆ ಚಿಪ್ಪು ಬರುವುದು? ಆಚೆಮನೆಯವರು ವಾರ ವಾರ ನನ್ನ ಹತ್ತಿರ ಮರುವಾಯಿ ತೆಗೆದುಕೊಳ್ಳುತ್ತಾರೆ. ಕೆಂಪಿ ಅಲ್ಲಿ ಹೋಗಿ ಏನೋ ಸ್ವಲ್ಪ ತಿನ್ನುತ್ತಿತ್ತು. ಅದಕ್ಕೂ ಮುಳ್ಳು ಹಾಕಿದ್ದೀರಲ್ಲ ಮಾರಾಯ್ರೆ!"

ಅಮ್ಮ ತೊಗಲು ಮೊಟ್ಟೆಯನ್ನು ನೆಲದ ಮೇಲಿಟ್ಟಳು. ಆಮೇಲೆ ಬೇಲಿಗೆ ಹೋಗಿ ಬರಿಗೈಯಲ್ಲಿ ಮುಳ್ಳು ಕಿತ್ತಳು. ಕೈಯೆಲ್ಲ ಗೀರಿ ರಕ್ತ ಬಂತು. ನನಗೆ ಎಳ್ಳಷ್ಟೂ ಕನಿಕರವಾಗಲಿಲ್ಲ.

ಹತ್ತು ದಿನ ಬಿಟ್ಟು ಗಟ್ಟಿ ಮೊಟ್ಟೆ ಬಂತು. ಅಮ್ಮ ಅದನ್ನು ಬೇಯಿಸಲು ಹೊರಟಾಗ ಪಪ್ಪ ಮಲಗಿದಲ್ಲಿಂದಲೇ ಹೇಳಿದರು. "ಇದು ನನಗೆ ಬೇಡ. ಯಾರಿಗೆ ಕೊಡಬೇಕೋ ಅವರಿಗೆ ಕೊಟ್ಟು ಬಾ."

ಅಮ್ಮ ಗೊಣಗುತ್ತಲೇ ಹೊರಟಳು. ನಾನೂ ಹಿಂದೆ ಹೋದೆ. ಅವಳ ಕೈಯಲ್ಲಿ ಮೊಟ್ಟೆ ಕಂಡದ್ದೇ ಜಗಲಿಯಲ್ಲಿ ಕುಳಿತಿದ್ದ ನಳಿನಾಕ್ಷಿ ಮುಖ ತಿರುಗಿಸಿದಳು.

"ನೋಡು, ಗಟ್ಟಿ ಉಂಟು," ಎಂದಳು ಅಮ್ಮ.

"ಅಲ್ಲಿಡಿ ಬಾಯಿ. ನಾನು ಈಗ ಯಾರದ್ದನ್ನೂ ನೋಡುವುದಿಲ್ಲ. ನನ್ನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವಲ್ಲಿಗೂ ನಾನು ಹೋಗಲಿಲ್ಲ."

ಅಮ್ಮನಿಗೆ ಕ್ಷಮೆ ಕೇಳಿ ಗೊತ್ತಿರಲಿಲ್ಲ, ಬೈದು ಮಾತ್ರ ಗೊತ್ತು. "ತಪ್ಪು ನನ್ನದು! ಪುಷ್ಪಾವತಿ ಹೇಳಿದಳು. ಹೇಳು, ಮೊದಲಿನ ಹಾಗೆ ಚಂದ ಉಂಟು ಎಂದು ಹೇಳು!" ಎಂದು ಜಗಳಕ್ಕೆ ನಿಂತವಳಂತೆ ಕಿರುಚಿದಳು.

ನಳಿನಾಕ್ಷಿ ಎರಡು ಕಣ್ಣುಗಳನ್ನೂ ಬಿಗಿಯಾಗಿ ಮುಚ್ಚಿಕೊಂಡಳು. ಹಾಗೆಯೇ ಹೇಳಿದಳು. "ಚಂದ ಉಂಟು ಬಾಯಿ."

"ಕಣ್ಣು ಬಿಟ್ಟು ಹೇಳು ನಳಿನಾಕ್ಷಿ," ಎಂದಳು ಅಮ್ಮ. ಆಗ ಅವಳ ಸ್ವರ ಪೂರ್ತಿ ಇಳಿದುಹೋಗಿತ್ತು.

ನಳಿನಾಕ್ಷಿ ಕಣ್ಣು ಬಿಡಲಿಲ್ಲ. ಅಮ್ಮ ಮೊಟ್ಟೆಯನ್ನು ಅವಳ ಮಡಿಲಿನಲ್ಲಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ನಮ್ಮ ಮನೆಯಿಂದ ಪಪ್ಪನ ಕೆಮ್ಮು ಕೇಳಿಸಿತು. ಆದರೂ ಅವಳು ಏಳಲಿಲ್ಲ.